ಸ್ಟೇಷನ್‌ನಿಂದ ಐದೇ ನಿಮಿಷ, ಆದರೆ ಯಾವುದರಲ್ಲಿ?

ಕಳೆದ ತಿಂಗಳು ಮಂಡ್ಯದಿಂದ ಒಬ್ಬರು ಫೋನ್ ಮಾಡಿದ್ದರು. ಲೇಔಟ್ ಮಾಡುವವರು. 'ಸಾರ್, ನಮ್ಮ ಜಾಗ ರೈಲ್ವೆ ಸ್ಟೇಷನ್‌ನಿಂದ ಐದೇ ನಿಮಿಷ. ಇಲ್ಲಿ ಇನ್ನೂರು ಮನೆ ಬಂದರೆ ರೈಲಿಗೆ ಎಷ್ಟು ಜನ ಜಾಸ್ತಿ ಆಗ್ತಾರೆ? ಒಂದು ರಿಪೋರ್ಟ್ ಬರೆದುಕೊಡಿ' ಅಂದರು. ಐದು ನಿಮಿಷ ಯಾವುದರಲ್ಲಿ ಅಂತ ಕೇಳಿದೆ. ಕಾರಲ್ಲಂತೆ.

ನನ್ನ ಕೆಲಸವೇ ಇದು. ಮೈಸೂರಿನಲ್ಲಿ ಕೂತು ಬಸ್ಸು, ರೈಲು ಹತ್ತುವವರನ್ನು ಎಣಿಸುವುದು, ಆ ಲೆಕ್ಕ ಇಟ್ಟುಕೊಂಡು ನಾಳೆ ಎಷ್ಟು ಜನ ಬರಬಹುದು ಅಂತ ಅಂದಾಜು ಮಾಡುವುದು. ಸ್ಟೇಷನ್ ಸುತ್ತ ಮನೆ ಕಟ್ಟಿದರೆ ರೈಲು ತಾನಾಗಿ ತುಂಬುತ್ತದೆ ಅಂತ ಎಲ್ಲರೂ ನಂಬಿರುತ್ತಾರೆ. ಪೂರ್ತಿ ಸುಳ್ಳಲ್ಲ, ಆದರೆ ಅರ್ಧಕ್ಕಿಂತ ಕಮ್ಮಿ ನಿಜ.

ಒಬ್ಬ ಮನುಷ್ಯನ ಪ್ರಯಾಣಕ್ಕೆ ಎರಡು ತುದಿ ಇರುತ್ತವೆ, ಅಲ್ವಾ? ಮನೆಯ ತುದಿಯಲ್ಲಿ ಅವನ ಹತ್ತಿರ ಏನೆಲ್ಲ ಇದೆ ನೋಡಿ. ಸ್ಕೂಟರ್ ಇದೆ, ಸೈಕಲ್ ಇದೆ, 'ಒಂಚೂರು ಸ್ಟೇಷನ್‌ಗೆ ಬಿಟ್ಟು ಬಾರೋ' ಅಂದರೆ ಬರುವ ತಮ್ಮ ಇದ್ದಾನೆ. ನಾಲ್ಕೈದು ಕಿಲೋಮೀಟರ್ ದೂರ ಇದ್ದರೂ ಮಂಡ್ಯದವರು ಆರಾಮಾಗಿ ಸ್ಟೇಷನ್ ಮುಟ್ಟುತ್ತಾರೆ. ಅದೇ ಮೈಸೂರಿನಲ್ಲಿ ಇಳಿದ ಮೇಲೆ? ಕೈಯಲ್ಲಿ ಊಟದ ಬ್ಯಾಗು, ಕೆಳಗೆ ಎರಡು ಕಾಲು, ಅಷ್ಟೇ. ಹೋಗಬೇಕಾದ ಜಾಗ ಹದಿನೈದು ನಿಮಿಷ ನಡೆಯುವಷ್ಟರಲ್ಲಿ ಇದ್ದರೆ ರೈಲು. ಇಲ್ಲದಿದ್ದರೆ ಎರಡು ತಿಂಗಳು ಆಟೋಗೆ ಕಾಸು ಕೊಟ್ಟು ಸಾಕಾಗಿ, ಮೂರನೇ ತಿಂಗಳು ಬೈಕಿನಲ್ಲೇ ಹೈವೇಗೆ ಇಳಿಯುತ್ತಾನೆ.

ಅದಕ್ಕೇ ನಾನು ಸ್ಟೇಷನ್ ಪಕ್ಕದ ಮನೆಗಳಿಗಿಂತ ಸ್ಟೇಷನ್ ಪಕ್ಕದ ಕೆಲಸ, ಕಾಲೇಜು, ಆಸ್ಪತ್ರೆಗಳನ್ನು ಮೊದಲು ಎಣಿಸುತ್ತೇನೆ. ಮೈಸೂರಿನ ಒಳಗೇ ಇರುವ ಚಾಮರಾಜಪುರಂ ಸ್ಟೇಷನ್ ನೋಡಿ. ಸಣ್ಣದು, ಹೊರಗಿನವರಿಗೆ ಅಲ್ಲೊಂದು ಸ್ಟೇಷನ್ ಇದೆ ಅಂತಲೂ ಗೊತ್ತಿರುವುದಿಲ್ಲ. ಆದರೆ ಅಲ್ಲಿ ಇಳಿದರೆ ಮಹಾರಾಜ ಕಾಲೇಜು, ಯುವರಾಜ ಕಾಲೇಜು, ಕೋರ್ಟು, ಯೂನಿವರ್ಸಿಟಿ ಆಫೀಸಿರುವ ಕ್ರಾಫರ್ಡ್ ಹಾಲ್ ಎಲ್ಲಕ್ಕೂ ನಡೆದೇ ಹೋಗಬಹುದು. ಯಾರೂ ಯೋಜನೆ ಹಾಕಿ ರೈಲಿಗಾಗಿ ಕಟ್ಟಿದ್ದಲ್ಲ, ಹಳೇ ಮೈಸೂರು ಬೆಳೆದ ರೀತಿಯೇ ಹಾಗೆ. ಮಂಡ್ಯದ ಕಡೆಯಿಂದ ಬಂದ ರೈಲು ಮೈಸೂರು ಜಂಕ್ಷನ್‌ನಲ್ಲೇ ನಿಂತುಬಿಟ್ಟರೆ ಇದೆಲ್ಲ ಕೈತಪ್ಪುತ್ತದೆ. ಕೆಲವು ರೈಲುಗಳನ್ನು ಚಾಮರಾಜಪುರಂ ದಾಟಿ ಅಶೋಕಪುರಂವರೆಗೆ ಮುಂದುವರಿಸಿದ್ದು ನನ್ನ ಲೆಕ್ಕದಲ್ಲಿ ಹತ್ತು ಅಪಾರ್ಟ್‌ಮೆಂಟ್ ಕಟ್ಟಿಸಿದ್ದಕ್ಕಿಂತ ಒಳ್ಳೆಯ ಕೆಲಸ.

ಮಂಡ್ಯದವರ ಇನ್ನೂರು ಮನೆಗೆ ಬರೋಣ. ಸುಮ್ನೆ ಊಹೆಯ ಅಂಕಿ ಹಾಕಿ ನೋಡಿ, ಇದು ಸರ್ವೆ ಅಲ್ಲ. ಆ ಮನೆಗಳಿಂದ ದಿನಾ 350 ಜನ ಹೊರಗೆ ಹೋಗುತ್ತಾರೆ ಅಂದುಕೊಳ್ಳಿ. ಅವರಲ್ಲಿ ಮಂಡ್ಯದ ಒಳಗೇ ಕೆಲಸ ಇರುವವರು, ಗದ್ದೆ ಕಡೆ ಹೋಗುವವರು, ಮಳವಳ್ಳಿ ನಾಗಮಂಗಲದ ಕಡೆ ಹೋಗುವವರನ್ನು ತೆಗೆದರೆ ಮೈಸೂರಿಗೋ ಬೆಂಗಳೂರಿಗೋ ಹೋಗುವವರು 100 ಉಳಿಯಬಹುದು. ಹೋದ ಕಡೆ ಸ್ಟೇಷನ್‌ಗೆ ಹತ್ತಿರ ಕೆಲಸ ಇರುವವರು 40. ರೈಲಿನ ಸಮಯ ಹೊಂದುವವರು 25. ಇಷ್ಟಕ್ಕೆ 'ರೈಲು ತುಂಬುತ್ತೆ' ಅಂತ ಬೋರ್ಡು ಹಾಕೋಕೆ ಆಗುತ್ತದೆಯೇ?

ಅದೂ ಅಲ್ಲದೆ, ಆ 25 ಜನರೂ ಹೊಸಬರೇನಲ್ಲ. ಮೊದಲಿಂದ ರೈಲಿನಲ್ಲೇ ಓಡಾಡುತ್ತಿದ್ದವರು, ದೂರದ ಬಡಾವಣೆಯಲ್ಲಿ ಬಾಡಿಗೆಗೆ ಇದ್ದವರು, ರೈಲಿಗೆ ಹತ್ತಿರ ಆಗಲಿ ಅಂತಲೇ ಇಲ್ಲಿ ಮನೆ ಹಿಡಿದಿರುತ್ತಾರೆ. ಮನೆ ಅವರನ್ನು ರೈಲಿಗೆ ಕಳಿಸಲಿಲ್ಲ, ರೈಲೇ ಅವರನ್ನು ಈ ಮನೆಗೆ ಕರೆತಂದಿತು. ಎಣಿಕೆಯ ಹಾಳೆಯಲ್ಲಿ ಮಾತ್ರ ಎರಡೂ ಒಂದೇ ಥರ ಕಾಣುತ್ತದೆ. ಈ ವೃತ್ತಿಯಲ್ಲಿ ಇಪ್ಪತ್ತು ವರ್ಷ ಆದಮೇಲೂ ನನಗೆ ನಿದ್ದೆ ಕೆಡಿಸುವ ಲೆಕ್ಕ ಇದೊಂದೇ.

ಇನ್ನು ನಮ್ಮ ಮಾರ್ಗದಲ್ಲಿ 2023 ಎಂಥ ವರ್ಷ ಅಂದರೆ, ಮಾರ್ಚಿನಲ್ಲಿ ಬೆಂಗಳೂರು-ಮೈಸೂರು ಹೊಸ ಹೆದ್ದಾರಿಯ ಉದ್ಘಾಟನೆ ಆಯಿತು. ಜೂನ್ 11ಕ್ಕೆ ಶಕ್ತಿ ಯೋಜನೆ ಬಂದು ಹೆಂಗಸರಿಗೆ ಸರ್ಕಾರಿ ಬಸ್ಸು ಫ್ರೀ ಆಯಿತು. ಅಕ್ಟೋಬರಿನಲ್ಲಿ ಮೆಟ್ರೊ ನೇರಳೆ ಮಾರ್ಗ ಚಲ್ಲಘಟ್ಟದಿಂದ ವೈಟ್‌ಫೀಲ್ಡ್‌ವರೆಗೆ ಪೂರ್ತಿ ಓಡಿತು. ಇವುಗಳಲ್ಲಿ ಮೊದಲಿನ ಎರಡೂ ರೈಲಿನಿಂದ ಜನರನ್ನು ಎಳೆಯುವಂಥವು, ಮೂರನೆಯದು ರೈಲಿಗೆ ಜನ ಕೊಡುವಂಥದ್ದು. ಮಂಡ್ಯದ ಹುಡುಗಿಯೊಬ್ಬಳು ರೈಲು ಇಳಿದು ಮೆಟ್ರೊ ಹಿಡಿದರೆ ವೈಟ್‌ಫೀಲ್ಡಿನ ಆಫೀಸೂ ಈಗ 'ಸ್ಟೇಷನ್ ಹತ್ತಿರದ ಕೆಲಸ'ವೇ. ಇಷ್ಟೆಲ್ಲ ಒಂದೇ ವರ್ಷದಲ್ಲಿ ಆಗಿರುವಾಗ, 2022ರ ಲೆಕ್ಕವನ್ನೂ 2024ರ ಲೆಕ್ಕವನ್ನೂ ಪಕ್ಕಪಕ್ಕ ಇಟ್ಟು 'ನೋಡಿ, ಸ್ಟೇಷನ್ ಸುತ್ತ ಕಟ್ಟಡ ಎದ್ದಿದ್ದಕ್ಕೆ ಹೀಗಾಯಿತು' ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಕೇಂದ್ರ ಸರ್ಕಾರ 2017ರಲ್ಲಿ ಸ್ಟೇಷನ್ ಸುತ್ತ ಕಟ್ಟುವುದಕ್ಕೆ ಅಂತಲೇ ಒಂದು ನೀತಿ ತಂದಿತು. ಸ್ಟೇಷನ್‌ನಿಂದ 500ರಿಂದ 800 ಮೀಟರ್ ಒಳಗೆ ಒತ್ತಾಗಿ ಕಟ್ಟಿ, ಮನೆ-ಅಂಗಡಿ-ಆಫೀಸು ಬೆರೆಸಿ, ನಡೆಯುವವರಿಗೆ ದಾರಿ ಮಾಡಿ, ಪಾರ್ಕಿಂಗ್ ಕಡಿಮೆ ಮಾಡಿ ಅನ್ನುತ್ತದೆ. ನಮ್ಮವರು ಮೊದಲ ಮಾತು ಓದಿ ಪುಸ್ತಕ ಮುಚ್ಚಿಬಿಡುತ್ತಾರೆ! ಮೇಲೆ ಎಂಟು ಮಹಡಿ, ಕೆಳಗೆ ಎರಡು ಮಹಡಿ ಪಾರ್ಕಿಂಗು. ಜಾಗದ ಬೆಲೆ ಏರಿ ಕಾರಿರುವವರೇ ಅಲ್ಲಿಗೆ ಬರುತ್ತಾರೆ, ಸೀಸನ್ ಪಾಸಿನವರು ಊರಾಚೆ ಸರಿಯುತ್ತಾರೆ.

ದಾರಿಯ ವಿಷಯ ಸ್ವಲ್ಪ ಹೇಳಲೇಬೇಕು. ನಕ್ಷೆಯ ಮೇಲೆ 800 ಮೀಟರಿನ ವೃತ್ತ ಎಳೆದರೆ ಸುಮಾರು 500 ಎಕರೆ ಬರುತ್ತದೆ, ನೋಡಲು ಚೆನ್ನಾಗಿರುತ್ತದೆ. ಆದರೆ ಹಳಿಯ ಆಚೆ ಮನೆ, ಗೇಟು ಈಚೆ, ನಡುವೆ ಕಾಂಪೌಂಡು ಇದ್ದರೆ? ಒಮ್ಮೆ, ನೇರ ಗೆರೆಯಲ್ಲಿ ಅಳೆದರೆ 300 ಮೀಟರ್ ಇದ್ದ ಬೀದಿಯಿಂದ ಪ್ಲಾಟ್‌ಫಾರಂಗೆ ನಾನೇ ನಡೆದು ನೋಡಿದೆ, ಇಪ್ಪತ್ತು ನಿಮಿಷ ಹಿಡಿಯಿತು. 2010ರಲ್ಲಿ ಯೂಯಿಂಗ್ ಮತ್ತು ಸರ್ವೆರೊ ಎಂಬ ಇಬ್ಬರು ಸಂಶೋಧಕರು ಹಲವು ಅಧ್ಯಯನಗಳನ್ನು ಒಟ್ಟು ಹಾಕಿ ನೋಡಿದಾಗ, ಜನಸಾಂದ್ರತೆ ನೂರಕ್ಕೆ 10ರಷ್ಟು ಏರಿದರೆ ಬಸ್ಸು-ರೈಲಿನ ಬಳಕೆ ಸರಾಸರಿ ನೂರಕ್ಕೆ 1ರಷ್ಟೂ ಏರುವುದಿಲ್ಲ ಅಂತ ಕಂಡಿತು. ಬೀದಿಗಳು ಒಂದಕ್ಕೊಂದು ಕೂಡುವ ಜಾಗಗಳು ಅಷ್ಟೇ ಜಾಸ್ತಿ ಆದರೆ ಬಳಕೆ ನೂರಕ್ಕೆ 2ಕ್ಕಿಂತ ಜಾಸ್ತಿ ಏರುತ್ತದೆ. ಹೆಚ್ಚಿನವು ಅಮೆರಿಕದ ಊರುಗಳು, ನಮಗೆ ಹಾಗೇ ಹೊಂದುವುದಿಲ್ಲ ನಿಜ, ಆದರೆ ಗೋಡೆಯಲ್ಲಿ ಒಂದು ಗೇಟು ತೆಗೆಯುವುದು ಕಟ್ಟಡ ಎಬ್ಬಿಸುವುದಕ್ಕಿಂತ ಅಗ್ಗ ಅನ್ನುವುದಕ್ಕೆ ಯಾವ ಅಧ್ಯಯನ ಬೇಕು?

ಚೆನ್ನಾಗಿ ಮಾಡಿದವರೂ ಇದ್ದಾರೆ. ಜಪಾನಿನ ಕೊಬಯಾಶಿ ಇಚಿಜೊ 1910ರಲ್ಲಿ ಒಸಾಕಾದಿಂದ ರೈಲು ಶುರು ಮಾಡಿದಾಗ ಹಳಿಯ ಪಕ್ಕ ಮನೆ ಕಟ್ಟಿ ಕಂತಿನ ಮೇಲೆ ಮಾರಿದ. ಅಷ್ಟಕ್ಕೇ ನಿಲ್ಲಲಿಲ್ಲ, ಊರಾಚೆಯ ತುದಿಯಲ್ಲಿ ಬಿಸಿನೀರಿನ ಸ್ನಾನದ ಜಾಗ, ನಾಟಕದ ಮನೆ ಮಾಡಿದ. 1929ರಲ್ಲಿ ಒಸಾಕಾದ ಸ್ಟೇಷನ್ನಿನಲ್ಲೇ ದೊಡ್ಡ ಅಂಗಡಿ ತೆರೆದ. ಬೆಳಿಗ್ಗೆ ಒಂದು ಕಡೆ ತುಂಬಿ ಹೋದ ರೈಲು ಇನ್ನೊಂದು ಕಡೆ ಖಾಲಿ ಬರಬಾರದು ಅನ್ನುವ ಲೆಕ್ಕ ಅದು. ನಮ್ಮಲ್ಲಿ ಮದ್ದೂರು ಸ್ಟೇಷನ್ನು ವಡೆಗೆ ಹೆಸರು ತಂದುಕೊಟ್ಟಿತು, ಆದರೆ ವಡೆ ತಿನ್ನಲೆಂದೇ ಟಿಕೆಟ್ ತಗೊಂಡವರನ್ನು ನಾನು ಕಂಡಿಲ್ಲ.

ಇಷ್ಟೆಲ್ಲ ಇದ್ದೂ ರೈಲೇ ಇಲ್ಲದಿದ್ದರೆ? ನಮ್ಮ ಮಾರ್ಗದ ಜೋಡಿ ಹಳಿ ಶ್ರೀರಂಗಪಟ್ಟಣದಲ್ಲಿ ಟಿಪ್ಪು ಕಾಲದ ಮದ್ದಿನಮನೆ ಅಡ್ಡ ಬಂದು ವರ್ಷಗಟ್ಟಲೆ ನಿಂತಿತ್ತು. 2017ರಲ್ಲಿ ಆ ಕಟ್ಟಡವನ್ನು ಇಡಿಯಾಗಿ ಎತ್ತಿ ನೂರು ಮೀಟರಿಗೂ ಆಚೆ ಸರಿಸಿದರು. ಜಾಸ್ತಿ ರೈಲು ಓಡಿಸಲು ಜಾಗ ಆಗಿದ್ದು ಅದರಿಂದ, ಯಾವ ಲೇಔಟಿನಿಂದಲೂ ಅಲ್ಲ.

ಮಂಡ್ಯದವರಿಗೆ ರಿಪೋರ್ಟ್ ಬರೆಯುವುದಿಲ್ಲ ಅನ್ನಲಿಲ್ಲ. ಬೆಳಿಗ್ಗೆ ಆರೂವರೆಗೆ ನಿಮ್ಮ ಜಾಗದಿಂದ ಪ್ಲಾಟ್‌ಫಾರಂವರೆಗೆ ಇಬ್ಬರೂ ನಡೆದು ಹೋಗೋಣ, ಆಮೇಲೆ ಅದೇ ರೈಲಿನಲ್ಲಿ ಮೈಸೂರಿಗೆ ಬಂದು, ಇಳಿದವರು ಯಾವ ಕಡೆ ತಿರುಗುತ್ತಾರೆ ಅಂತ ಗೇಟಿನಲ್ಲಿ ನಿಂತು ಎಣಿಸೋಣ ಅಂದೆ. 'ಆರೂವರೆಗಾ ಸಾರ್?' ಅಂದರು. ಹತ್ತೂವರೆಗೆ ಆದರೆ ಕಾರು ಕಳಿಸುತ್ತಾರಂತೆ.