ಋತುಬಂಧ ಮತ್ತು ಹಾರ್ಮೋನ್ ಚಿಕಿತ್ಸೆ: 2002ರ ಅಂಕಿಗಳನ್ನು ಓದುವ ಬಗೆ

ಮುಟ್ಟು ನಿಂತು ಸತತ 12 ತಿಂಗಳು ಕಳೆದ ಮೇಲೆಯೇ ಋತುಬಂಧವಾಯಿತೆಂದು ಹೇಳುವುದು ವೈದ್ಯಕೀಯ ರೂಢಿ. ಭಾರತದಲ್ಲಿ ಇದು ಸಾಮಾನ್ಯವಾಗಿ 46–47ನೆಯ ವಯಸ್ಸಿನ ಆಸುಪಾಸಿನಲ್ಲಿ ಆಗುತ್ತದೆಯಾದರೂ, ತೊಂದರೆಗಳು ಮುಟ್ಟು ಹಿಂದುಮುಂದಾಗುವ ಕಾಲದಲ್ಲಿಯೇ, ಅಂದರೆ ಕೆಲವು ವರ್ಷ ಮೊದಲೇ, ಕಾಣಿಸಿಕೊಳ್ಳುತ್ತವೆ.

ಅಂಡಾಶಯಗಳು ಸ್ರವಿಸುವ ಸ್ತ್ರೀ ಹಾರ್ಮೋನ್ ಈಸ್ಟ್ರೋಜನ್ ಇಳಿದಾಗ ಮೆದುಳಿನ ಹೈಪೋಥಲಾಮಸ್‌ನಲ್ಲಿ ಮೈಯ ಉಷ್ಣತೆಯನ್ನು ಕಾಯುವ ಭಾಗವು ಅತಿಸೂಕ್ಷ್ಮವಾಗುತ್ತದೆ; ತೀರಾ ಸಣ್ಣ ಏರಿಕೆಗೂ ಅದು ಚರ್ಮದ ರಕ್ತನಾಳಗಳನ್ನು ಹಿಗ್ಗಿಸಿ, ಬೆವರು ಹರಿಸಿ, ಶಾಖವನ್ನು ಹೊರಹಾಕಲು ತೊಡಗುತ್ತದೆ. ರಾತ್ರಿ ಎರಡು ಗಂಟೆಗೆ ಎದೆಯಿಂದ ಮುಖದವರೆಗೆ ಝಳ ಹತ್ತಿ, ರವಿಕೆ ಒದ್ದೆಯಾಗಿ ಎದ್ದು ಕೂತ ಹೆಂಗಸು, ಫ್ಯಾನ್ ಹಾಕಿಕೊಂಡ ಸ್ವಲ್ಪ ಹೊತ್ತಿಗೇ ಚಳಿಯೆಂದು ಹೊದಿಕೆ ಎಳೆದುಕೊಳ್ಳುವುದು ಇದರಿಂದಲೇ. "ವಯಸ್ಸಾಯಿತು, ಸಹಿಸಿಕೋ" ಎಂದು ಆಕೆಗೆ ಹೇಳಿ ಕಳುಹಿಸುವುದು ಅನ್ಯಾಯ, ಏಕೆಂದರೆ ಈ ತೊಂದರೆಗೆ ಈಸ್ಟ್ರೋಜನ್‌ನಷ್ಟು ಫಲಕಾರಿಯಾದ ಔಷಧ ಬೇರೊಂದಿಲ್ಲ.

ಹಾಗಿದ್ದೂ ಈ ಹಾರ್ಮೋನ್ ಚಿಕಿತ್ಸೆಯ ಬಗ್ಗೆ ಭಯ ಉಳಿದಿರುವುದು ಅಮೆರಿಕದ ವಿಮೆನ್ಸ್ ಹೆಲ್ತ್ ಇನಿಶಿಯೇಟಿವ್ ಅಧ್ಯಯನದ ಕಾರಣದಿಂದ. ಈಸ್ಟ್ರೋಜನ್ ಜೊತೆ ಪ್ರೊಜೆಸ್ಟಿನ್ (ಪ್ರೊಜೆಸ್ಟರಾನ್ ಹಾರ್ಮೋನಿನ ಕೃತಕ ರೂಪ) ಕೊಟ್ಟ ಭಾಗವನ್ನು 2002ರಲ್ಲಿ ಅವಧಿಗೆ ಮೊದಲೇ ನಿಲ್ಲಿಸಿದಾಗ, ಸ್ತನ ಕ್ಯಾನ್ಸರ್ ಶೇಕಡಾ 26ರಷ್ಟು ಹೆಚ್ಚಿತೆಂಬ ಸುದ್ದಿ ಎಲ್ಲೆಡೆ ಹರಡಿತು. ಅದೇ ಅಂಕಿಯನ್ನು ಬಿಡಿಸಿ ನೋಡಿ: ವರ್ಷಕ್ಕೆ 10,000 ಮಹಿಳೆಯರಲ್ಲಿ ಹಾರ್ಮೋನ್ ತೆಗೆದುಕೊಳ್ಳದವರ ಗುಂಪಿನಲ್ಲಿ 30, ತೆಗೆದುಕೊಂಡವರ ಗುಂಪಿನಲ್ಲಿ 38, ಅಂದರೆ 8 ಪ್ರಕರಣ ಹೆಚ್ಚು. ಅಪಾಯ ನಿಜ, ಅದರ ಗಾತ್ರ ಮಾತ್ರ ಜನರು ಊಹಿಸಿದ್ದಕ್ಕಿಂತ ಚಿಕ್ಕದು. ಭಾಗವಹಿಸಿದವರ ಸರಾಸರಿ ವಯಸ್ಸು 63 ಆಗಿತ್ತೆಂಬುದನ್ನೂ ಮರೆಯಬಾರದು. 60 ದಾಟದ, ಅಥವಾ ಮುಟ್ಟು ನಿಂತು 10 ವರ್ಷದೊಳಗಿನ ಆರೋಗ್ಯವಂತ ಮಹಿಳೆಯರಲ್ಲಿ ತೊಂದರೆ ತೀವ್ರವಾಗಿದ್ದರೆ ಸಾಮಾನ್ಯವಾಗಿ ಲಾಭವೇ ಹೆಚ್ಚೆಂದು ಇಂದಿನ ಮಾರ್ಗಸೂಚಿಗಳು ಹೇಳುತ್ತವೆ.

ವಯಸ್ಸಿನ ನಂತರ ಕೇಳಬೇಕಾದ ಪ್ರಶ್ನೆ, ಗರ್ಭಕೋಶ ಇದೆಯೇ ಎಂಬುದು. ಇದ್ದರೆ ಈಸ್ಟ್ರೋಜನ್ ಒಂದನ್ನೇ ಕೊಡುವಂತಿಲ್ಲ. ಒಳಪದರ ಅತಿಯಾಗಿ ಬೆಳೆದು ಕ್ಯಾನ್ಸರ್‌ಗೆ ದಾರಿಯಾಗಬಹುದಾದ್ದರಿಂದ ಪ್ರೊಜೆಸ್ಟರಾನ್ ಬಗೆಯ ಔಷಧವೂ ಬೇಕು. ನಮ್ಮ ಕಡೆ ಚಿಕ್ಕ ವಯಸ್ಸಿನಲ್ಲೇ ಗರ್ಭಕೋಶ ತೆಗೆಸಿಕೊಂಡವರು ಸಿಗುತ್ತಾರೆ. ಅಂಡಾಶಯಗಳನ್ನೂ ತೆಗೆದಿದ್ದರೆ ಋತುಬಂಧ ಒಮ್ಮೆಲೇ ಎರಗುತ್ತದೆ, ಮೂಳೆ ಬೇಗ ಸವೆಯುತ್ತದೆ. ಅಡ್ಡಿಯಿಲ್ಲದಿದ್ದರೆ ಸಹಜ ಋತುಬಂಧದ ವಯಸ್ಸಿನವರೆಗಾದರೂ ಹಾರ್ಮೋನ್ ಕೊಡುವುದು ಸೂಕ್ತ. ಆದ್ದರಿಂದ "ಆಪರೇಷನ್ ಆಗಿದೆ" ಎಂದಷ್ಟೇ ಬರೆದುಕೊಳ್ಳದೆ ಏನೇನು ತೆಗೆದರೆಂದು ಡಿಸ್ಚಾರ್ಜ್ ಚೀಟಿಯಲ್ಲಿ ನೋಡಬೇಕು.

ಸ್ತನ ಕ್ಯಾನ್ಸರ್, ಪಾರ್ಶ್ವವಾಯು, ಹೃದಯಾಘಾತ, ರಕ್ತನಾಳದಲ್ಲಿ ಹೆಪ್ಪುಗಟ್ಟಿದ ಚರಿತ್ರೆ ಅಥವಾ ತೀವ್ರ ಯಕೃತ್ ಕಾಯಿಲೆ ಇರುವವರಿಗೆ ಈ ಚಿಕಿತ್ಸೆ ಸಾಮಾನ್ಯವಾಗಿ ಸಲ್ಲದು. ಅವರಲ್ಲಿ ವೆನ್ಲಾಫ್ಯಾಕ್ಸಿನ್, ಗ್ಯಾಬಾಪೆಂಟಿನ್‌ನಂಥ ಹಾರ್ಮೋನ್ ಅಲ್ಲದ ಔಷಧಗಳು ಝಳವನ್ನು ಒಂದು ಮಟ್ಟಿಗೆ ತಗ್ಗಿಸುತ್ತವೆ. ಈಸ್ಟ್ರೋಜನ್ ಕೊಡುವಾಗ ರಕ್ತ ಹೆಪ್ಪುಗಟ್ಟುವ ಅಪಾಯ ಮಾತ್ರೆಗಿಂತ ಚರ್ಮದ ಮೇಲಿನ ಜೆಲ್ ಅಥವಾ ಪಟ್ಟಿಯಲ್ಲಿ ಕಡಿಮೆ. ಯೋನಿಯ ಒಣಗುವಿಕೆ ಮತ್ತು ಉರಿಗೆ ಸ್ಥಳದಲ್ಲೇ ಹಚ್ಚುವ ಅಲ್ಪ ಪ್ರಮಾಣದ ಈಸ್ಟ್ರೋಜನ್ ಕ್ರೀಮ್ ಸಾಕು. ನಾಚಿಕೆಯಿಂದ ಅನೇಕರು ಈ ದೂರನ್ನು ಹೇಳುವುದೇ ಇಲ್ಲವಾದ್ದರಿಂದ ವೈದ್ಯರಾದ ನಾವೇ ಕೇಳಬೇಕು.

ಮೂಳೆಗೆ ದಿನಕ್ಕೆ 1,000–1,200 ಮಿ.ಗ್ರಾಂ ಕ್ಯಾಲ್ಸಿಯಂ ಬೇಕು. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿ.ಗ್ರಾಂ ಇರುವುದರಿಂದ ಮುದ್ದೆಯ ಊಟ ಒಳ್ಳೆಯ ಆರಂಭ. ಜೊತೆಗೆ ಹಾಲು, ಬಿಸಿಲು, ನಡಿಗೆ, ಭಾರ ಎತ್ತುವ ವ್ಯಾಯಾಮ ಬೇಕು.

ಋತುಬಂಧವಾದ ಮೇಲೆ ಮತ್ತೆ ರಕ್ತ ಕಂಡರೆ, ಒಂದೇ ಒಂದು ಕಲೆಯಾಗಿದ್ದರೂ, ಅದನ್ನು ಮುಟ್ಟು ಮರಳಿ ಬಂತೆಂದು ತಿಳಿಯುವಂತಿಲ್ಲ. ಕಾರಣ ಖಚಿತವಾಗುವ ತನಕ ಹಾರ್ಮೋನ್ ಆರಂಭಿಸದೆ, ಮೊದಲು ಗರ್ಭಕೋಶದ ಒಳಪದರವನ್ನು ಸ್ಕ್ಯಾನ್ ಮಾಡಿಸಿ ನೋಡಬೇಕು.