ಪುಣೆಯ ಕ್ರಿಸ್‌ಮಸ್ ರಾತ್ರಿಗೆ ಪುಟ್ಟ ಮಕ್ಕಳನ್ನು ಕರೆದೊಯ್ಯಬಹುದೇ?

ಪ್ರಶ್ನೆ: ನಾವು ಪುಣೆಯಲ್ಲಿದ್ದೇವೆ. ಡಿಸೆಂಬರ್ 24ರ ರಾತ್ರಿ ಚರ್ಚಿನ ಅಂಗಳದಲ್ಲಿ ಕ್ಯಾರಲ್ ಹಾಡು, ಬಲಿಪೂಜೆ (ಮಾಸ್), ಆಮೇಲೆ ಕೇಕು, ಎಲ್ಲವೂ ಬಯಲಲ್ಲೇ. ಮಗನಿಗೆ ಒಂದೂವರೆ ವರ್ಷ, ಮಗಳಿಗೆ ನಾಲ್ಕು. ಇಬ್ಬರನ್ನೂ ಕರೆದೊಯ್ಯಬಹುದೇ? ಎಷ್ಟು ಬಟ್ಟೆ ಹಾಕಬೇಕು?

ಉತ್ತರ: ಖಂಡಿತ ಕರೆದೊಯ್ಯಿರಿ. ಆದರೆ ಬಟ್ಟೆ ಆರಿಸುವಾಗ ಮನೆ ಬಿಡುವ ಹೊತ್ತಿನ ಹವೆ ನೋಡಬೇಡಿ, ಮನೆಗೆ ಮರಳುವ ಹೊತ್ತಿನ ಥಂಡಿ ಲೆಕ್ಕ ಹಾಕಿ. ಪುಣೆಯಲ್ಲಿ ಪೋಷಕರು ಎಡವುವುದು ಇಲ್ಲೇ. ಊರು ಸಮುದ್ರಮಟ್ಟದಿಂದ ಸುಮಾರು 560 ಮೀಟರ್ ಎತ್ತರದಲ್ಲಿದೆ; ಡಿಸೆಂಬರಿನಲ್ಲಿ ಗಾಳಿ ಒಣ, ಆಕಾಶದಲ್ಲಿ ಮೋಡವಿರದು. ಮೋಡದ ಹೊದಿಕೆ ಇಲ್ಲದ್ದರಿಂದ ನೆಲ ಹೀರಿಕೊಂಡ ಬಿಸಿಯೆಲ್ಲ ರಾತ್ರಿ ಬೇಗ ಹೊರಟುಹೋಗುತ್ತದೆ. ಮಧ್ಯಾಹ್ನ 29–30 ಡಿಗ್ರಿ ಇದ್ದದ್ದು ಬೆಳಗಿನ ಜಾವಕ್ಕೆ 11–12ಕ್ಕೆ ಇಳಿಯುತ್ತದೆ, ಕೆಲವು ವರ್ಷ 10ಕ್ಕಿಂತ ಕೆಳಗೂ ಹೋಗುತ್ತದೆ. ಸಂಜೆ ಏಳಕ್ಕೆ ಹಿತವೆನಿಸಿದ ಅಂಗಳವೇ ಹನ್ನೊಂದಕ್ಕೆ ಕೊರೆಯತೊಡಗುತ್ತದೆ. ಪಾಷಾಣ, ಎನ್‌ಡಿಎ (ರಾಷ್ಟ್ರೀಯ ರಕ್ಷಣಾ ಅಕಾಡೆಮಿ) ಕಡೆಯ ಬಯಲಿನಲ್ಲಿ ಥಂಡಿ ಜಾಸ್ತಿ. ಕೋರೆಗಾಂವ್ ಪಾರ್ಕ್, ಮಗರಪಟ್ಟಾ ಕಡೆ ಅಷ್ಟಿರುವುದಿಲ್ಲ.

ಬಟ್ಟೆಗೆ ಒಂದು ಸರಳ ಅಳತೆಯಿದೆ: ನಿಮಗೆ ಎಷ್ಟು ಪದರ ಬೇಕೋ, ಮಗುವಿಗೆ ಅದಕ್ಕಿಂತ ಒಂದು ಹೆಚ್ಚು. ಮೈಗೆ ತಾಗುವಂತೆ ಹತ್ತಿಯ ಬನಿಯನ್, ಮೇಲೆ ತುಂಬುತೋಳಿನ ಅಂಗಿ, ಅದರ ಮೇಲೆ ಮುಂದೆ ಬಿಚ್ಚಬಹುದಾದ ಉಣ್ಣೆಯ ಸ್ವೆಟರ್. ಕಿವಿ ಮುಚ್ಚುವ ಕುಲಾವಿ ಮತ್ತು ಗಾಳಿ ತಡೆಯುವ ಜಾಕೆಟ್ ಚೀಲದಲ್ಲಿರಲಿ, ಮೊದಲೇ ಹಾಕಬೇಡಿ. ಮಗಳು ಗೆಳತಿಯರ ಜೊತೆ ಓಡಾಡಿ ಬೆವರಿದರೆ ಬನಿಯನ್ ಒದ್ದೆಯಾಗುತ್ತದೆ. ಒದ್ದೆ ಹತ್ತಿ ಮೈಯ ಬಿಸಿಯನ್ನು ಎಳೆದುಬಿಡುತ್ತದೆ. ಎಷ್ಟೋ ಮಕ್ಕಳು ರಾತ್ರಿ ನಡುಗುವುದು ಬಟ್ಟೆ ಕಮ್ಮಿಯಾಗಿ ಅಲ್ಲ, ಸಂಜೆಯೇ ಅತಿಯಾಗಿ ಹೊದಿಸಿ ಬೆವರಿಸಿದ್ದರಿಂದ. ಆದ್ದರಿಂದ ಒಣ ಬನಿಯನ್ ಒಂದು ಹೆಚ್ಚಿಗೆ ಒಯ್ಯಿರಿ, ಆಟ ಮುಗಿದ ಕೂಡಲೇ ಬದಲಿಸಿ. ಅಂಗೈ ಮುಟ್ಟಿ ಚಳಿ ಅಳೆಯಬೇಡಿ, ಮಕ್ಕಳ ಕೈ ಸುಮ್ಮನೆಯೂ ತಣ್ಣಗಿರುತ್ತದೆ. ಕತ್ತಿನ ಹಿಂದೆ ಬೆರಳಿಟ್ಟು ನೋಡಿ: ಒಣಗಿ ಬೆಚ್ಚಗಿದ್ದರೆ ಸರಿ, ಜಿನುಗುತ್ತಿದ್ದರೆ ಒಂದು ಪದರ ತೆಗೆಯಿರಿ, ತಣ್ಣಗಿದ್ದರೆ ಒಂದು ಸೇರಿಸಿ. ಬಿಗಿಯಾದ ಎರಡು ಜೊತೆ ಕಾಲುಚೀಲಕ್ಕಿಂತ ಸಡಿಲವಾದ ಒಂದೇ ದಪ್ಪ ಜೊತೆ ವಾಸಿ.

ಒಂದೂವರೆ ವರ್ಷದವನನ್ನು ಎದೆಗೆ ಕಟ್ಟಿಕೊಳ್ಳುವ ಚೀಲದಲ್ಲಿ ಒಯ್ದರೆ ನಿಮ್ಮ ಮೈಬಿಸಿಯೇ ಒಂದು ಪದರ. ಒಂದು ಸ್ವೆಟರ್ ಕಡಿಮೆ ಮಾಡಿ. ಶಾಲು ಹೊದಿಸಿದರೂ ಮೂಗು-ಬಾಯಿ ಸದಾ ಕಾಣುತ್ತಿರಲಿ. ನೆಲದಲ್ಲಿ ಕೂರುವುದಾದರೆ ಬರೀ ಚಾಪೆ ಸಾಲದು, ಮೇಲೆ ಮಡಚಿದ ಕೌದಿ ಹಾಕಿ. ಆರು ತಿಂಗಳೊಳಗಿನ ಕೂಸನ್ನಂತೂ ಈ ರಾತ್ರಿಗೆ ತರಲೇಬಾರದು ಎಂಬುದು ನಮ್ಮ ಗಟ್ಟಿ ಅಭಿಪ್ರಾಯ. ನಡುಗಿ ಮೈ ಬೆಚ್ಚಗಾಗಿಸಿಕೊಳ್ಳುವ ಶಕ್ತಿ ಹಸುಗೂಸಿಗೆ ಇನ್ನೂ ಬಂದಿರುವುದಿಲ್ಲ.

ಚಳಿಗಿಂತ ದೊಡ್ಡ ಅಪಾಯ ಒಂದಿದೆ. ಮಿನುಗುವ ಸಾಂಟಾ ಟೋಪಿ, ಬ್ಯಾಡ್ಜುಗಳಲ್ಲಿ ಗುಂಡಿಯಂಥ ಬ್ಯಾಟರಿ ಇರುತ್ತದೆ. ಮಗು ನುಂಗಿ ಅದು ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಯಲ್ಲಿ ಒಳಗೆ ಸುಡಬಲ್ಲದು. ಸ್ಕ್ರೂ ಹಾಕಿದ ಮುಚ್ಚಳವಿಲ್ಲದ್ದನ್ನು ಕೊಳ್ಳಬೇಡಿ. ನುಂಗಿದ ಅನುಮಾನ ಬಂದರೂ ವಾಂತಿ ಮಾಡಿಸಲು ಹೋಗದೆ ನೇರ ಆಸ್ಪತ್ರೆಗೆ ಧಾವಿಸಿ. ಮೇಣದಬತ್ತಿ ಹಿಡಿದವರ ಸಾಲಿನಿಂದಲೂ ದೂರ ನಿಲ್ಲಿ. ಫ್ಲೀಸ್ (ಉಣ್ಣೆಯಂತೆ ಕಾಣುವ ಸಿಂಥೆಟಿಕ್ ಬಟ್ಟೆ) ಜಾಕೆಟ್ಟಿಗೆ ಕಿಡಿ ತಾಗಿದರೆ ಅದು ಕರಗಿ ಚರ್ಮಕ್ಕೆ ಅಂಟುತ್ತದೆ. ಧ್ವನಿವರ್ಧಕದ ಮುಂದೆಯೂ ಕೂರಬೇಡಿ.

ತಿನ್ನಲು ಕೊಡುವುದರಲ್ಲಿ ಎಚ್ಚರವಿರಲಿ. ಕುಸ್ವಾರಿನ (ಕ್ರಿಸ್‌ಮಸ್ ತಿಂಡಿಗಳ) ತಟ್ಟೆಯಲ್ಲಿ ಕರ್ಜಿಕಾಯಿಯಂಥ ನೆವ್ರಿ, ಮೆತ್ತನೆಯ ಲಾಡು ಸಣ್ಣ ಚೂರಾದರೆ ಪರವಾಗಿಲ್ಲ. ಸುರುಳಿಯಾಕಾರದ ಗಟ್ಟಿ ಸಿಹಿತಿಂಡಿ ಕಿಡಿಯೊ, ಚಕ್ಕುಲಿ, ಇಡೀ ಗೋಡಂಬಿ ಚಿಕ್ಕವನ ಗಂಟಲಿಗೆ ಸಿಕ್ಕುವಂಥವು. ಪ್ಲಮ್ ಕೇಕಿನ ಹಣ್ಣುಗಳನ್ನು ರಮ್‌ನಲ್ಲಿ ನೆನೆಸಿದ್ದಾರೆಯೇ ಎಂದು ಕೇಳಿಯೇ ಕೊಡಿ. ಫ್ಲಾಸ್ಕಿನಲ್ಲಿ ನಸುಬಿಸಿ ಹಾಲೋ ರಾಗಿ ಅಂಬಲಿಯೋ ಇದ್ದರೆ ರಾತ್ರಿ ಸಲೀಸು.

ಇನ್ನು ಮರಳುವ ದಾರಿ. ಇಡೀ ರಾತ್ರಿಯಲ್ಲಿ ಮಕ್ಕಳಿಗೆ ಹೆಚ್ಚು ಚಳಿ ತಾಗುವುದು ಅಂಗಳದಲ್ಲಲ್ಲ, ರಿಕ್ಷಾದಲ್ಲಿ, ಸ್ಕೂಟರಿನಲ್ಲಿ. ಬೀಸುವ ಗಾಳಿ ಮೈಸುತ್ತ ನಿಂತ ಬಿಸಿಗಾಳಿಯನ್ನು ಒರೆಸಿಕೊಂಡು ಹೋಗುತ್ತದೆ, ನಿದ್ದೆಹೋದ ಮಗು ಕದಲುವುದೂ ಇಲ್ಲ. ಜಾಕೆಟ್, ಕುಲಾವಿ ಹೊರತೆಗೆಯಬೇಕಾದ್ದು ಈಗ. ಸ್ಕೂಟರ್ ಆದರೆ 9 ತಿಂಗಳಿನಿಂದ 4 ವರ್ಷದೊಳಗಿನ ಮಕ್ಕಳಿಗೆ ಹೆಲ್ಮೆಟ್, ಮಗುವನ್ನು ಸವಾರನಿಗೆ ಸೇರಿಸಿ ಕಟ್ಟುವ ಪಟ್ಟಿ ಕಡ್ಡಾಯ, ವೇಗ 40 ಕಿ.ಮೀ. ಮೀರಬಾರದು, 2023ರ ಫೆಬ್ರವರಿಯಿಂದ ಇದೇ ನಿಯಮ. ಆ ರಾತ್ರಿ ಕ್ಯಾಂಪ್ (ದಂಡು) ಪ್ರದೇಶದ ಎಂ.ಜಿ. ರಸ್ತೆಯಲ್ಲಿ ಜನಸಾಗರ. ಪೂಜೆ ಮುಗಿದ ಮೇಲೆ ರಿಕ್ಷಾ ಹುಡುಕುತ್ತ ಅರ್ಧ ಗಂಟೆ ನಿಲ್ಲುವ ಬದಲು ಕೊನೆಯ ಹಾಡಿಗೂ ಮುಂಚೆ ಹೊರಡಿ. ಮಗಳ ಜೇಬಿನಲ್ಲಿ ನಿಮ್ಮ ಫೋನ್ ನಂಬರಿನ ಚೀಟಿ ಇರಲಿ.

ಕೆಮ್ಮು, ಜ್ವರ, ಉಬ್ಬಸ ಇದ್ದರೆ ಈ ವರ್ಷದ ರಾತ್ರಿಪೂಜೆ ಬಿಡಿ. 25ರಂದು ಬಿಸಿಲೇರಿದ ಮೇಲಿನ ಪೂಜೆಗೆ ಹೋಗಬಹುದು. ಮಕ್ಕಳಿಗೆ ನಿಜಕ್ಕೂ ಬೇಕಾದ ಗೋದಲಿಯನ್ನು (ಯೇಸು ಹುಟ್ಟಿದ ದೃಶ್ಯದ ಗೊಂಬೆಗಳನ್ನು) ಸಾಮಾನ್ಯವಾಗಿ ಜನವರಿಯ ಮೊದಲ ವಾರದವರೆಗೂ ಇಟ್ಟಿರುತ್ತಾರೆ, ಯಾವುದಾದರೂ ಸಂಜೆ ಐದಕ್ಕೆ ಹೋಗಿ ನಿಧಾನವಾಗಿ ತೋರಿಸಿ ಬನ್ನಿ.