ಬಟ್ಟೆ ಮಾಸ್ಕ್ ಜರಡಿಯಲ್ಲ

“ವೈರಸ್ಸು ಬಟ್ಟೆಯ ತೂತಿಗಿಂತ ಸಾವಿರ ಪಟ್ಟು ಚಿಕ್ಕದು. ಮಾಸ್ಕ್ ಹೊಲಿದು ಏನುಪಯೋಗ?” 2020ರಲ್ಲಿ ಈ ಮಾತು ಬಾರದ ವಾಟ್ಸ್ಆಪ್ ಗುಂಪು ಇರಲಿಲ್ಲ. ಲೆಕ್ಕ ಹೆಚ್ಚುಕಡಿಮೆ ಸರಿಯೇ. ಕೊರೊನಾ ವೈರಸ್ಸಿನ ಅಡ್ಡಗಲ ಸುಮಾರು 0.1 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಪಾಲು ಒಂದು ಮೈಕ್ರಾನ್). ಹಳೇ ಪಂಚೆಯ ಎಳೆಗಳ ನಡುವಿನ ಸಂದು ಹತ್ತಾರು ಮೈಕ್ರಾನ್, ಕೆಲವು ಕಡೆ ನೂರಕ್ಕೂ ಜಾಸ್ತಿ. ಎಡವಟ್ಟಾಗಿರುವುದು ಬಟ್ಟೆಯನ್ನು ಜರಡಿ ಅಂದುಕೊಂಡಿದ್ದರಲ್ಲಿ. (ಇದೇ ಗುಂಪುಗಳಲ್ಲಿ ಮರುವರ್ಷ ಕರ್ಪೂರ, ಓಮ, ಲವಂಗದ ಗಂಟು ಮೂಸಿದರೆ ಆಕ್ಸಿಜನ್ ಏರುತ್ತೆ ಅಂತ ಸುದ್ದಿ ಓಡಾಡಿತು. ಅಲ್ಲಿ ಯಾರೂ ಮೈಕ್ರಾನ್ ಲೆಕ್ಕ ಕೇಳಲಿಲ್ಲ!)

ಹತ್ತಿಯ ನೂಲನ್ನು ಭೂತಗನ್ನಡಿಯಲ್ಲಿ ನೋಡಿ. ಅದು ನುಣುಪಾದ ದಾರವಲ್ಲ, ಮೈತುಂಬ ಜುಂಗು. ಉಸಿರಿನ ಗಾಳಿ ಈ ಜುಂಗುಗಳನ್ನು ಬಳಸಿಕೊಂಡು ಡೊಂಕುಡೊಂಕಾಗಿ ಹೋಗಬೇಕು. ಒತ್ತಾಗಿ ಬೆಳೆದ ಅಡಿಕೆ ತೋಟ ಅಂದುಕೊಳ್ಳಿ. ಜೋರಾಗಿ ಸೈಕಲ್ ಬಿಟ್ಟುಕೊಂಡು ಬಂದವನು ತಿರುಗಿಸಲಾಗದೆ ಮರಕ್ಕೆ ಗುದ್ದುತ್ತಾನೆ. ದೊಡ್ಡ ಹನಿಗಳ ಗತಿ ಇದು. ಕುಡಿದು ತೂರಾಡುತ್ತ ಬಂದವನು ನಿಧಾನವಾಗಿದ್ದರೂ ಎಲ್ಲೋ ಒಂದು ಮರಕ್ಕೆ ತಾಗಿಯೇ ತಾಗುತ್ತಾನೆ. ತೀರ ಸಣ್ಣ ಕಣಗಳ ಗತಿ ಅದು. ಗಾಳಿಯ ಅಣುಗಳು ಅವನ್ನು ಸುಮ್ನೆ ಬಿಡುವುದಿಲ್ಲ, ಎಲ್ಲ ಕಡೆಯಿಂದಲೂ ತಳ್ಳುತ್ತಿರುತ್ತವೆ. 1827ರಲ್ಲಿ ಸಸ್ಯವಿಜ್ಞಾನಿ ರಾಬರ್ಟ್ ಬ್ರೌನ್ ನೀರಿನಲ್ಲಿ ತೇಲುವ ಸಣ್ಣ ಕಣಗಳಲ್ಲಿ ಕಂಡಿದ್ದು ಇದೇ ತೂರಾಟ. 1905ರಲ್ಲಿ ಐನ್‌ಸ್ಟೈನ್ ಅದಕ್ಕೆ ಲೆಕ್ಕ ಹಾಕಿಕೊಟ್ಟರು. ಒಮ್ಮೆ ಎಳೆಗೆ ತಾಗಿದ ಕಣ ಅಲ್ಲೇ ಅಂಟಿಕೊಳ್ಳುತ್ತದೆ.

ನಿಜವಾಗಿ ಕಾಡುವವು ನಡುವಿನವು, ಸುಮಾರು 0.3 ಮೈಕ್ರಾನಿನವು. ಗುದ್ದುವಷ್ಟು ಭಾರವಿಲ್ಲ, ತೂರಾಡುವಷ್ಟು ಹಗುರವೂ ಅಲ್ಲ. ಎನ್95 ಮಾಸ್ಕನ್ನು ಈ ಅಳತೆಯ ಆಸುಪಾಸಿನ ಕಣಗಳಿಂದಲೇ ಪರೀಕ್ಷಿಸುವುದು ಅದಕ್ಕೇ. ಅದರ ಎಳೆಗಳು ಹತ್ತಿಯ ಎಳೆಗಿಂತ ಎಷ್ಟೋ ಸಪೂರ, ಜೊತೆಗೆ ಕಣಗಳನ್ನು ಎಳೆದುಕೊಳ್ಳುವ ವಿದ್ಯುತ್ ಆವೇಶವೂ ಇರುತ್ತದೆ. ಸೋಪು ಹಾಕಿ ತೊಳೆದರೆ ಆ ಆವೇಶ ಹೋಗುತ್ತದೆ. ಮನೆಯ ಮಾಸ್ಕ್ ಅದರ ಹತ್ತಿರಕ್ಕೂ ಬರುವುದಿಲ್ಲ, ಒಪ್ಪಿಕೊಳ್ಳೋಣ.

ಆದರೆ ವೈರಸ್ಸು ಬರಿಮೈಯಲ್ಲಿ ಹಾರುವುದಿಲ್ಲ, ಎಂಜಲಿನ ಹನಿಯೊಳಗೆ ಕೂತು ಬರುತ್ತದೆ. ಬಾಯಿಂದ ಹೊರಬಿದ್ದ ಕ್ಷಣದಲ್ಲಿ ಹನಿ ಒದ್ದೆ, ದಪ್ಪ. ಆಮೇಲೆ ನೀರು ಆರಿ ಕುಗ್ಗುತ್ತದೆ. ಅಂದರೆ ಅದನ್ನು ಹಿಡಿಯಲು ಸುಲಭವಾದ ಜಾಗ ಮಾತಾಡುವವರ ತುಟಿಯ ಮುಂದೆಯೇ. ಉಸಿರು ಬಿಡಲು ವಾಲ್ವ್ ಇರುವ ಮಾಸ್ಕನ್ನು ಬೇಡ ಅಂದದ್ದು ಇದಕ್ಕೇ. ಸೋಸದ ಗಾಳಿ ಅಲ್ಲಿಂದ ನೇರ ಎದುರಿನವರ ಮುಖಕ್ಕೆ.

ಇದೇನೂ 2020ರ ಹೊಸ ಬುದ್ಧಿಯಲ್ಲ. 1910ರ ಕೊನೆಯಲ್ಲಿ ಈಶಾನ್ಯ ಚೀನಾದ ಮಂಚೂರಿಯಾದ ಹಾರ್ಬಿನ್‌ನಲ್ಲಿ ಪ್ಲೇಗ್ ಹಬ್ಬಿದಾಗ, ಈಗಿನ ಮಲೇಷ್ಯಾದ ಪೆನಾಂಗಿನಲ್ಲಿ ಹುಟ್ಟಿ ಕೇಂಬ್ರಿಜ್‌ನಲ್ಲಿ ಓದಿದ ವೈದ್ಯ ವೂ ಲಿಯೆನ್-ಟೆ ಇದು ಉಸಿರಿನಿಂದಲೇ ಹರಡುತ್ತಿದೆ ಅಂದರು. ಗಾಯಕ್ಕೆ ಕಟ್ಟುವ ಗಾಜ್ ಬಟ್ಟೆಯ ಪದರಗಳ ನಡುವೆ ಹತ್ತಿ ಇಟ್ಟು, ತಲೆಯ ಹಿಂದೆ ಕಟ್ಟುವ ಮಾಸ್ಕ್ ಮಾಡಿಸಿದರು. ಹಿರಿಯ ಫ್ರೆಂಚ್ ವೈದ್ಯ ಮೆಸ್ನಿ ಒಪ್ಪಲಿಲ್ಲ. ಮಾಸ್ಕಿಲ್ಲದೆ ರೋಗಿಗಳನ್ನು ನೋಡಿದರು, ಕೆಲವೇ ದಿನಗಳಲ್ಲಿ ಪ್ಲೇಗಿನಿಂದಲೇ ತೀರಿಕೊಂಡರು.

ಹೊಲಿಯುವವರಿಗೆ ಇದರಿಂದ ಕೆಲಸಕ್ಕೆ ಬರುವ ಮಾತು ಕೆಲವೇ. ಒತ್ತಾಗಿ ನೇಯ್ದ ಬಟ್ಟೆ ಬೇಕು. ದೀಪಕ್ಕೆ ಹಿಡಿದರೆ ಬೆಳಕು ಧಾರಾಳವಾಗಿ ತೂರಿ ಬಂತೋ, ಅದು ಬೇಡ. ಒಂದು ಪದರ ಸಾಲದು. ವಿಶ್ವ ಆರೋಗ್ಯ ಸಂಸ್ಥೆ 2020ರ ಜೂನ್‌ನಲ್ಲಿ ಮೂರು ಹೇಳಿತು. ಆರು ಪದರ ಹಾಕಿ ಉಸಿರು ಕಟ್ಟಿಸಿದರೆ ಗಾಳಿ ಪಕ್ಕದಿಂದ ದಾರಿ ಹುಡುಕುತ್ತದೆ, ಅಷ್ಟೆ. ನೆರಿಗೆಗಳ ಬಾಯಿ ಹೊರಗಡೆ ಕೆಳಮುಖವಾಗಿರಲಿ, ಇಲ್ಲದಿದ್ದರೆ ಅವು ಧೂಳು ತುಂಬುವ ಜೇಬಾಗುತ್ತವೆ. ಮೂಗಿನ ನೇರಕ್ಕೆ ನಡುವೆ ಹೊಲಿಗೆ ಹಾಕಿದರೆ ಸೂಜಿ ತೂತುಗಳ ಸಾಲು ಸರಿಯಾಗಿ ಉಸಿರಿನ ದಾರಿಯಲ್ಲೇ ಬರುತ್ತದೆ. ಮೇಲಂಚಿನೊಳಗೆ ತೆಳು ತಂತಿ ಸೇರಿಸಿ ಮೂಗಿನ ಮೇಲೆ ಒತ್ತಿಕೊಳ್ಳಿ. ಕನ್ನಡಕ ಮಂಜಾಗುತ್ತಿದ್ದರೆ ಗಾಳಿ ಇನ್ನೂ ಅಲ್ಲಿಂದ ನುಸುಳುತ್ತಿದೆ ಅಂತ. ಲಾಡಿ ಬಿಚ್ಚಿ, ಇನ್ನೊಂಚೂರು ಬಿಗಿ ಮಾಡಿ ಕಟ್ಟಿ.